ಅಪಸ್ಮಾರದ ಜೊತೆಗಿರುವ ಅಂಜಿಕೆಯನ್ನು ನಿಭಾಯಿಸುವ ಬಗೆ

ಅಪಸ್ಮಾರದ ಸೆಳೆತ ಸಾಮಾನ್ಯವಾಗಿ ಒಂದೆರಡು ನಿಮಿಷಗಳಲ್ಲಿ ನಿಲ್ಲುತ್ತದೆ. ಮುಂದಿನದು ಎಲ್ಲಿ, ಯಾರೆದುರು ಬಂದೀತೆಂಬ ಅಂಜಿಕೆ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ. ಅದನ್ನು ಧೈರ್ಯದ ಮಾತುಗಳಿಂದ ಓಡಿಸಲು ಹೊರಡುವುದಕ್ಕಿಂತ, ಅದು ಯಾವ ಸಂಗತಿಗಳಿಗೆ ಅಂಟಿಕೊಂಡಿದೆಯೆಂದು ನೋಡಿ ಒಂದೊಂದಕ್ಕೂ ಏರ್ಪಾಡು ಮಾಡಿಕೊಳ್ಳುವುದು ಮೇಲು.

ಊರಿಗೆಲ್ಲ ಸಾರಬೇಕಿಲ್ಲ. ದಿನದ ಬಹುಪಾಲು ಜೊತೆಗಿರುವ ಇಬ್ಬರು ಮೂವರಿಗೆ ತಿಳಿಸಿ, ಒಂದು ಚೀಟಿಯನ್ನೂ ಕೊಡಿ: ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ನೀರಾಗಲಿ ಚಮಚವಾಗಲಿ ಹಾಕಬಾರದು, ಕೈಗೆ ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು. ಬಟ್ಟೆ ಒದ್ದೆಯಾಗಿದ್ದರೆ ಒಂದು ಬೈರಾಸು ಹೊದಿಸಿ, ಸೇರಿದವರನ್ನು ದೂರ ಕಳುಹಿಸಬೇಕೆಂದೂ ಅದರಲ್ಲಿ ಬರೆಯಿರಿ. ಎಚ್ಚರವಾದಾಗ ಸುತ್ತ ನಿಂತ ಮುಖಗಳನ್ನು ಕಂಡು ಆಗುವ ನಾಚಿಕೆ ಬಿದ್ದ ಪೆಟ್ಟಿಗಿಂತ ಹೆಚ್ಚು ದಿನ ಕಾಡುತ್ತದೆ. ಕಾಸರಗೋಡಿನಲ್ಲಿ ಈ ಚೀಟಿ ಮಲಯಾಳದಲ್ಲೂ ಇರಲಿ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಯಾರೆಂದು ಹೇಳಲಾಗದು.

ನಿದ್ದೆಗೆಟ್ಟರೆ ಸೆಳೆತ ಬರುವ ಸಂಭವ ಹೆಚ್ಚುವುದರಿಂದ, ಬೆಳಗಿನವರೆಗೆ ನಡೆಯುವ ಬಯಲಾಟ ಮತ್ತು ಕೋಲಗಳನ್ನು ಬಿಡಬೇಕಾಗುತ್ತದೆ. ಇದು ಸಣ್ಣ ನಷ್ಟವಲ್ಲ, ಬೇಸರಪಡುವುದು ಸಹಜವೇ. ಆದರೆ ಮನೆಯವರು ಎಲ್ಲಕ್ಕೂ ಬೇಡವೆನ್ನುವ ಬದಲು ಕಾಲಮಿತಿಯ ಆಟಕ್ಕೆ ಕರೆದೊಯ್ಯಬಹುದು. ಅಡಿಕೆ ಮರ ಹತ್ತುವುದು, ಒಬ್ಬರೇ ಕೆರೆಗಿಳಿಯುವುದು ಬೇಡ, ತೋಟದ ಅಪಾಯವಿಲ್ಲದ ಉಳಿದ ಕೆಲಸಗಳಿಗೆ ಅಡ್ಡಿಯಿಲ್ಲ.

ಮದುವೆಯ ಮಾತುಕತೆಯಲ್ಲಿ ಮುಚ್ಚಿಡುವುದೇ ಕ್ಷೇಮವೆಂದು ಹೇಳುವ ಹಿರಿಯರಿದ್ದಾರೆ. ಒಪ್ಪಬೇಡಿ. ಮುಚ್ಚಿಟ್ಟವರು ಗುಳಿಗೆಯನ್ನೂ ಅಡಗಿಸಿ ನುಂಗಬೇಕಾಗುತ್ತದೆ, ಗುಳಿಗೆ ತಪ್ಪಿದರೆ ಸೆಳೆತ ಮರುಕಳಿಸುತ್ತದೆ. 1999ರ ತಿದ್ದುಪಡಿಯ ಬಳಿಕ ಹಿಂದೂ ವಿವಾಹ ಕಾಯ್ದೆಯಲ್ಲಿ ಅಪಸ್ಮಾರವು ಮದುವೆಗೆ ಅಡ್ಡಿಯಾಗಿ ಉಳಿದಿಲ್ಲವೆಂಬುದನ್ನು ಅಂಥವರಿಗೆ ತಿಳಿಸಬಹುದು.

ಹೊಸ ಗುಳಿಗೆ ಆರಂಭಿಸಿದ ಮೇಲೆ ಸಿಡುಕು ಅಥವಾ ಮಂಕು ಹೆಚ್ಚಿದರೆ ಸ್ವಭಾವವೇ ಕೆಟ್ಟಿತೆಂದುಕೊಳ್ಳಬಾರದು. ಲೆವೆಟಿರಾಸೆಟಮ್‌ನಂಥ ಔಷಧಗಳಿಂದ ಕೆಲವರಿಗೆ ಹೀಗಾಗುತ್ತದೆ. ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಎರಡು ವಾರ ಕಳೆದರೂ ಮಂಕು ಸರಿಯದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬಾರದು.

ಮಂಗಳೂರಿನ ವೈದ್ಯರನ್ನೇ ನಂಬಿದ ಕಾಸರಗೋಡಿನವರು 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಕಂಗಾಲಾದದ್ದುಂಟು. ಔಷಧ ಚೀಟಿಯ ಪ್ರತಿಯನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲೂ ತೋರಿಸಿ, ಕೆಲವು ವಾರಗಳಿಗಾಗುವಷ್ಟು ಗುಳಿಗೆ ಮನೆಯಲ್ಲಿಟ್ಟುಕೊಳ್ಳಿ.