ಅಥಣಿ ಜೋಡಿನ ಮೇಲೆ ಇಳಕಲ್ ಸೆರಗು

ದೀಪಾವಳಿಗೆ ನಾನು ಬಣ್ಣ ಹಾಕಿದ ಅಥಣಿ ಜೋಡು, ಅಂದರೆ ಚರ್ಮದ ಚಪ್ಪಲಿ, ಈಗಲೂ ನನ್ನ ಕಾಲಲ್ಲಿದೆ. ಏಳು ತಿಂಗಳಾಯಿತು. ನವನಗರದಿಂದ ಹಳೇ ಬಾಗಲಕೋಟೆ ಪ್ಯಾಟಿಗೆ ವಾರಕ್ಕೆ ಮೂರ್ನಾಲ್ಕು ಸಲ ಅದನ್ನೇ ಮೆಟ್ಟಿಕೊಂಡು ಹೋಗುತ್ತೇನೆ. ಪಟ್ಟಿಯ ಮೇಲಿನ ಕೆಂಪು-ಬಿಳಿ ತೋಪ ತೆನಿ, ಅಂದರೆ ಇಳಕಲ್ ಸೀರೆಯ ಸೆರಗಿನ ಚಿತ್ತಾರ, ಎಲ್ಲೂ ಬಿರುಕು ಬಿಟ್ಟಿಲ್ಲ.

ಅಥಣಿಯಲ್ಲಿ ನನಗೆ ಜೋಡು ಕೊಡುವ ಕಾಕಾ ಮೊದಲ ದಿನವೇ ಹೇಳಿದ್ದರು: "ಅಕ್ಕಾರ, ಇದು ಎಣ್ಣಿ ಕುಡದ ತೊಗಲ ಐತ್ರಿ. ಬಣ್ಣ ನಿಂದ್ರಂಗಿಲ್ಲ." ಒಂದೂವರೆ ವರ್ಷ ಅವರ ಮಾತೇ ಖರೆ ಆಯಿತು.

ಕ್ಯಾನ್ವಾಸ್ ಶೂಗಳಲ್ಲಿ ಕೈ ಪಳಗಿದ್ದರಿಂದ ಅದೇ ಅಕ್ರಿಲಿಕ್ ಅನ್ನು ನೇರವಾಗಿ ಬಳಿದೆ. ನಾಲ್ಕನೇ ದಿನಕ್ಕೆ ಉಳ್ಳಾಗಡ್ಡಿ ಸಿಪ್ಪೆಯಂತೆ ಎದ್ದಿತು. ಎಣ್ಣೆ ತೆಗೆಯಲು ಉಗುರುಬಣ್ಣ ಒರೆಸುವ ದ್ರಾವಣ ಉಜ್ಜಿದೆ. ಅದರೊಳಗೇ ಎಣ್ಣೆಯಂಶ ಇರುತ್ತದೆ ಎಂದು ಎರಡು ಜೋಡು ಕೆಟ್ಟ ಮೇಲೆ ತಿಳಿಯಿತು. ಬರೀ ಅಸಿಟೋನ್ ತಂದು, ಹತ್ತಿ ಸ್ವಚ್ಛ ಬರುವ ತನಕ ಒರೆಸಿ, ಚರ್ಮಕ್ಕೆಂದೇ ಬರುವ ಬಣ್ಣ ಬಳಿದೆ. ಹತ್ತು ದಿನ ತಡೆಯಿತು, ಆಮೇಲೆ ಕೂದಲೆಳೆಯಂಥ ಗೆರೆಗಳು. ಗಟ್ಟಿಯಾಗಲಿ ಎಂದು ಮೇಲೆ ಮರದ ವಾರ್ನಿಶ್ ಎಳೆದದ್ದು ಎಲ್ಲಕ್ಕಿಂತ ದೊಡ್ಡ ತಪ್ಪು. ಬೇಸಿಗೆಯ ಕೆರೆಯಂಗಳದಂತೆ ಸೀಳಿತು. ಒಟ್ಟು 11 ಜೋಡು ಹಾಳು. ಜೋಡಿಗೆ 650 ರೂಪಾಯಿ ಆಸುಪಾಸು, ಬಣ್ಣದ ಬಾಟಲಿ ಬೇರೆ, ಹೆಚ್ಚುಕಡಿಮೆ 11–12 ಸಾವಿರ ಹೋಯಿತು. ಮನೆಯವರು ಲೆಕ್ಕ ಕೇಳುವುದನ್ನೇ ಬಿಟ್ಟಿದ್ದರು.

ದಾರಿ ತೋರಿಸಿದ್ದು ಅವ್ವನ ಹಳೇ ಜೋಡು. ಬಣ್ಣದ ಹದ ನೋಡಲು ಅದರ ಪಟ್ಟಿಯ ಮೇಲೆ ನಾಲ್ಕು ಗೆರೆ ಎಳೆದು ಮರೆತಿದ್ದೆ. ಅವ್ವ ಅದನ್ನೇ ಹಾಕಿಕೊಂಡು ತಿರುಗಾಡುತ್ತಿದ್ದಳು, ಗೆರೆ ಇದ್ದಂಗೇ ಇದ್ದವು! ಹೊಸ ಅಥಣಿ ಜೋಡು ಮೊದಲು ಕಾಲು ಕಚ್ಚುತ್ತದೆ, ಆಮೇಲೆ ಹಿಗ್ಗಿ ಕಾಲಿಗೆ ಕೂಡುತ್ತದೆ. ಆ ಹಿಗ್ಗುವಿಕೆಯೇ ನನ್ನ ಬಣ್ಣ ಒಡೆಯುತ್ತಿತ್ತು. ಅಂದಿನಿಂದ ಹೊಸ ಜೋಡಿಗೆ ಬಣ್ಣ ಹಾಕುವುದಿಲ್ಲ. ಹದಿನೈದು ದಿನ ಮೆಟ್ಟಿ ತನ್ನಿರಿ ಎನ್ನುತ್ತೇನೆ.

ಮೊದಲ ಕೋಟು ಮಜ್ಜಿಗೆ ತಿಳಿಯಷ್ಟು ತೆಳು. ಹೀಗೆ ಐದಾರು ಕೋಟು. ನಡುನಡುವೆ 20 ನಿಮಿಷ ಬಿಟ್ಟು, ಪ್ರತಿ ಸಲ ಪಟ್ಟಿಯನ್ನು ಕೈಯಿಂದ ಬಾಗಿಸಿ ಬಿಡುತ್ತೇನೆ. ಮಾಳಿಗೆ ಮೇಲೆ ಒಣಗಿಸಬೇಡಿರಿ. ನಮ್ಮ ಏಪ್ರಿಲ್ ಬಿಸಿಲಿಗೆ ಮೇಲಿನ ಪದರ ಮೊದಲು ಬಿಗಿದು ಒಳಗೆ ಹಸಿ ಉಳಿಯುತ್ತದೆ. ಅಂಗಾಲು ತಾಗುವ ಕಡೆ ಬಣ್ಣವೇ ಬೇಡ, ಬೆವರಿಗೆ ನಿಲ್ಲುವುದಿಲ್ಲ. ಬಿಳಿ ಬಣ್ಣ ಹಳದಿಗೆ ತಿರುಗದಂತೆ ಕೊನೆಯ ಕೋಟಿನಲ್ಲಿ ಒಂದು ಸಾಮಾನು ಬೆರೆಸುತ್ತೇನೆ, ಅದನ್ನು ಮಾತ್ರ ಹೇಳುವುದಿಲ್ಲ. ಇಳಕಲ್ ಸೆರಗಿನ ಅಂದ ಇರುವುದೇ ಕೆಂಪಿನ ನಡುವೆ ಎದ್ದು ಕಾಣುವ ಆ ಬಿಳಿಯಲ್ಲಿ.

ಬಿಳಿಯ ಕಾಟ ಸಾಗವಾನಿ ಸ್ಟೂಲಿನಲ್ಲೂ ಆಯಿತು. ಎರಡು ಕೋಟು ಬಳಿದರೂ ಮರದ ಕಂದು ಚಹಾ ಕಲೆಯಂತೆ ಮೇಲೆ ಬಂತು. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಮೊದಲು ಎಳೆದ ಮೇಲೆ ನಿಂತಿತು. ಕಿನ್ನಾಳದ ಮರದ ಗೊಂಬೆ ಮಾಡುವವರು ಹುಣಸೆಬೀಜದ ಅಂಟಿಗೆ ಮರದ ಪುಡಿ ಕಲಸುತ್ತಾರಲ್ಲ, ಅದನ್ನು ನೋಡಿ ಇನ್ನೊಂದು ಸ್ಟೂಲಿನ ಮೇಲೆ ಗುಳೇದಗುಡ್ಡದ ಕುಪ್ಪಸದ ಖಣದಲ್ಲಿರುವ ಹೂವನ್ನು ಉಬ್ಬಾಗಿ ಕೂಡಿಸಿದೆ. ಅಂಟು ಹಸಿ ಇದ್ದಾಗಲೇ ಬಣ್ಣ ಮುಚ್ಚಿದ ತಪ್ಪಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ಆದರೂ ಅದನ್ನು ಮತ್ತೆ ಮಾಡುತ್ತೇನೆ, ಹೂ ಅಷ್ಟು ಚೆಂದ ಎದ್ದಿತ್ತು.

ಕಳೆದ ತಿಂಗಳು ಅಥಣಿಗೆ ಹೋದಾಗ ಕಾಕಾ ನನ್ನ ಎಡಗಾಲಿನದು ಬಿಚ್ಚಿಸಿಕೊಂಡು, ಪಟ್ಟಿ ಮಡಚಿ, ಉಗುರಿನಿಂದ ಕೆರೆದು ನೋಡಿದರು. ಬಣ್ಣ ಏಳಲಿಲ್ಲ. "ಏನ ಹಚ್ಚಿರಿ ಇದಕ?" ಎಂದರು. ಅವರಿಗೂ ಹೇಳಲಿಲ್ಲ.

ಈಗ ಬಣ್ಣದ ಕೆಲಸಕ್ಕೆ ಜೋಡಿಗೆ 900 ತೆಗೆದುಕೊಳ್ಳುತ್ತೇನೆ, ಖರ್ಚು 150 ದಾಟುವುದಿಲ್ಲ. ಮಳೆಗಾಲದಲ್ಲಿ ಜೋಡು ಮುಟ್ಟುವುದಿಲ್ಲ. ಆಗ ಸ್ಟೂಲು, ತೊಟ್ಟಿಲು, ಹಳೇ ಟ್ರಂಕು ಇದ್ದರೆ ತನ್ನಿರಿ.