ಮೆಟ್ಟಿಲು ಮೆಟ್ಟಿಲಾದ ಹರಳು: ಎಮರಾಲ್ಡ್ ಕಟ್ ಉಂಗುರ ಆರಿಸಿದ ನನ್ನ ಅನುಭವ

ನಮ್ಮ ನಿಶ್ಚಿತಾರ್ಥಕ್ಕೆ ಇನ್ನೂ ಎರಡು ತಿಂಗಳಿತ್ತು. ಉಂಗುರ ಹೇಗಿರಬೇಕು ಎಂದು ಕೇಳಿದಾಗ ಅವಳು ಫೋನಿಗೆ ಒಂದು ಚಿತ್ರ ಕಳಿಸಿದಳು. ಉದ್ದನೆಯ ಹರಳು, ನಾಲ್ಕೂ ಮೂಲೆ ಸವರಿದ್ದು, ಸುತ್ತ ಬೇರೆ ಕಲ್ಲು ಒಂದೂ ಇಲ್ಲ. "ಇದಕ್ಕೆ ಎಮರಾಲ್ಡ್ ಕಟ್ ಅಂತಾರೆ. ಚಿಕ್ಕದಾದ್ರೂ ಪರವಾಗಿಲ್ಲ, ಇದೇ ಇರಲಿ" ಎಂದು ಕೆಳಗೆ ಬರೆದಿದ್ದಳು. ಅಮ್ಮನಿಗೆ ತೋರಿಸಿದೆ. "ಏನೋ ಇದು, ಗಾಜಿನ ಚೂರಿನ ಹಾಗಿದೆ. ವಜ್ರ ಅಂದ್ರೆ ಮಿಂಚಬೇಕಲ್ವಾ?" ಎಂದರು.

ಅಮ್ಮ ಹಾಗೆ ಅಂದಿದ್ದಕ್ಕೆ ಕಾರಣ ಇದೆ. ನಮ್ಮ ಮನೆಯಲ್ಲಿ ವಜ್ರ ಅಂದರೆ ಅಜ್ಜಿಯ ಏಳು ಹರಳಿನ ಓಲೆ. ಅದು ಬ್ಲೂ ಜಾಗರ್ ಎಂದು ಅಜ್ಜಿ ಹೆಮ್ಮೆಯಿಂದ ಹೇಳುತ್ತಿದ್ದರು. ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೇನ್ ಗಣಿಯಿಂದ ಬಂದ ಹೆಸರು ಅದು. ದೀಪದ ಬೆಳಕು ಬಿದ್ದರೆ ಸಾಕು, ಆ ಓಲೆ ಕಿಡಿ ಕಾರುತ್ತದೆ. ಗುಂಡು ಹರಳಿಗೆ 57 ಅಥವಾ 58 ಮುಖಗಳು. ಹೆಚ್ಚಿನವು ಸಣ್ಣ ತ್ರಿಕೋನ, ಇಲ್ಲವೇ ಗಾಳಿಪಟದ ಆಕಾರ. ಬೆಳಕನ್ನು ಚೂರು ಚೂರು ಮಾಡಿ ಎರಚುವುದೇ ಅವುಗಳ ಕೆಲಸ.

ಎಮರಾಲ್ಡ್ ಕಟ್ ಹಾಗಲ್ಲ. ಇದರ ಮುಖಗಳು ಉದ್ದನೆಯ ಪಟ್ಟಿಗಳು, ಒಂದರ ಕೆಳಗೊಂದು ಸಾಲಾಗಿ ಇಳಿಯುತ್ತವೆ. ಮೇಲುಕೋಟೆಯ ಕಲ್ಯಾಣಿಯ ದಂಡೆಯಲ್ಲಿ ನಿಂತು ಕೆಳಗೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೆಟ್ಟಿಲು, ಮೆಟ್ಟಿಲು, ಆಮೇಲೆ ನೀರು. ಹರಳನ್ನು ಸ್ವಲ್ಪ ಅಲುಗಿಸಿದರೆ ಒಂದು ಮೆಟ್ಟಿಲು ಪೂರ್ತಿ ಬೆಳಗುತ್ತದೆ, ಪಕ್ಕದ್ದು ಕಪ್ಪಾಗುತ್ತದೆ. ಮತ್ತೆ ಅಲುಗಿಸಿದರೆ ಅದಲು ಬದಲು. ಇದು ಮೊದಲು ಪಚ್ಚೆಗಾಗಿ ಬಂದ ಕಟ್, ಹೆಸರೂ ಅಲ್ಲಿಂದಲೇ. ಪಚ್ಚೆ ಬೇಗ ಬಿರುಕು ಬಿಡುವ ಕಲ್ಲು. ಮೂಲೆ ಸವರಿದರೆ ಚಕ್ಕೆ ಏಳುವ ಭಯ ಕಡಿಮೆ.

ಅವಳು ಮೈಸೂರಿನಲ್ಲಿ ಹಲ್ಲಿನ ಡಾಕ್ಟರ್, ನಾನಿರುವುದು ಬೆಂಗಳೂರಿನಲ್ಲಿ. ಶನಿವಾರ ಅವಳು ರೈಲಿನಲ್ಲಿ ಬರುತ್ತಿದ್ದಳು, ಇಬ್ಬರೂ ಜಯನಗರ, ಕಮರ್ಷಿಯಲ್ ಸ್ಟ್ರೀಟ್ ಸುತ್ತುತ್ತಿದ್ದೆವು. ಎಲ್ಲ ಅಂಗಡಿಯಲ್ಲೂ ಗುಂಡು ಹರಳೇ ಜಾಸ್ತಿ. ಎಮರಾಲ್ಡ್ ಕಟ್ ಕೇಳಿದರೆ ಒಂದೋ ಎರಡೋ ಇರುತ್ತಿತ್ತು. ಇಲ್ಲದಿದ್ದರೆ "ಮುಂಬೈಯಿಂದ ತರಿಸಿಕೊಡ್ತೀವಿ ಸರ್" ಎನ್ನುತ್ತಿದ್ದರು. ತರಿಸುವುದಾದರೆ ಬಿಡಿ ಹರಳನ್ನೇ ತರಿಸಿ ಎಂದು ನಾವು ಹಟ ಹಿಡಿದೆವು. ಉಂಗುರಕ್ಕೆ ಕೂರಿಸಿದ ಮೇಲೆ ಹರಳಿನ ಅರ್ಧ ಗುಣ ಚಿನ್ನದ ಕೆಳಗೆ ಅಡಗುತ್ತದೆ.

ನಾನು ಸಾಫ್ಟ್‌ವೇರ್‌ನವನು. ಮೊದಲ ವಾರ ಸ್ಪ್ರೆಡ್‌ಶೀಟ್ ಮಾಡಿಕೊಂಡು ಕೂತಿದ್ದೆ. ಬಣ್ಣ, ಸ್ವಚ್ಛತೆ, ಕ್ಯಾರೆಟ್ (ಹರಳಿನ ತೂಕ), ಬೆಲೆ, ಎಲ್ಲಕ್ಕೂ ಒಂದೊಂದು ಕಾಲಂ. ಕಟ್‌ಗೂ ಒಂದು ಕಾಲಂ ಇಟ್ಟಿದ್ದೆ, ಅದು ಮಾತ್ರ ತುಂಬಲೇ ಇಲ್ಲ. ವಜ್ರ ಪರೀಕ್ಷಿಸಿ ದರ್ಜೆ ಕೊಡುವ ಸಂಸ್ಥೆ ಜಿಐಎ. ಅದರ ರಿಪೋರ್ಟಿನಲ್ಲಿ ಕಟ್‌ಗೆ ದರ್ಜೆ ಕೊಡುವುದು ಗುಂಡು ಹರಳಿಗೆ ಮಾತ್ರ. ಎಮರಾಲ್ಡ್ ಕಟ್‌ಗೆ ಪಾಲಿಶ್, ಸಿಮೆಟ್ರಿ, ಅಳತೆಗಳು ಸಿಗುತ್ತವೆ. ಆದರೆ ಕಟ್ ಎಷ್ಟು ಚೆನ್ನಾಗಿದೆ ಎಂಬ ಮುಖ್ಯವಾದ ಮಾತು ಸಿಗುವುದಿಲ್ಲ. ಅದು ತಿಳಿದ ದಿನ ಸ್ಪ್ರೆಡ್‌ಶೀಟ್ ಮುಚ್ಚಿಟ್ಟೆ. ಈ ಹರಳನ್ನು ಕಣ್ಣಿನಿಂದಲೇ ಆರಿಸಬೇಕು, ಬೇರೆ ದಾರಿ ಇಲ್ಲ.

ಕಣ್ಣಿಗೂ ಸರಿಯಾದ ಬೆಳಕು ಬೇಕು. ಅಂಗಡಿಯ ಚಾವಣಿ ತುಂಬ ಸಣ್ಣ ಸಣ್ಣ ಲೈಟ್‌ಗಳು. ಅವುಗಳ ಕೆಳಗೆ ಯಾವ ಹರಳೂ ಚಂದವೇ. "ಕಿಟಕಿ ಹತ್ತಿರ ನೋಡಬಹುದಾ?" ಎಂದು ಎಲ್ಲ ಕಡೆ ಕೇಳಿದೆವು. ಒಪ್ಪಿದ ಕಡೆ ಒಬ್ಬ ಸಿಬ್ಬಂದಿ ಜೊತೆಗೆ ನಿಂತುಕೊಳ್ಳುತ್ತಾರೆ, ಅಷ್ಟೆ. ಬೇಡ ಎಂದದ್ದು ಒಂದೇ ಅಂಗಡಿಯವರು. ಆ ಅಂಗಡಿಗೆ ನಾವು ಮತ್ತೆ ಹೋಗಲಿಲ್ಲ.

ಕಿಟಕಿಯ ಹತ್ತಿರ ಮಾಡಿದ ಮೊದಲ ಪರೀಕ್ಷೆ ತುಂಬ ಸುಲಭದ್ದು. ಅಂಗಡಿಯ ಅಚ್ಚಾದ ಬಿಲ್ ಹಾಳೆಯ ಮೇಲೆ ಹರಳನ್ನು ಅಗಲ ಮುಖ ಮೇಲೆ ಬರುವಂತೆ ಹಿಡಿದೆವು. ಒಂದು ಹರಳಿನ ನಡುವಿನಿಂದ ಕೆಳಗಿನ ಅಕ್ಷರ ಕಾಣಿಸಿತು. ಬೆಳಕು ತಿರುಗಿ ಕಣ್ಣಿಗೆ ಬರುವ ಬದಲು ಕೆಳಗೆ ಸೋರಿಹೋಗುತ್ತಿದೆ ಎಂದರ್ಥ. ತೂಕದ ಹೋಲಿಕೆಯಲ್ಲಿ ಅದು ದೊಡ್ಡದಾಗಿ ಕಾಣುತ್ತಿತ್ತು, ಬೆಲೆಯೂ ಕಡಿಮೆ. ಅಮ್ಮ ಹೇಳಿದ ಗಾಜಿನ ಚೂರು ಅದೇ. ಇನ್ನೊಂದು ಹರಳು ಆಳ ಜಾಸ್ತಿಯಾಗಿ ನಡುವೆ ಕಪ್ಪು ಕೂತಿತ್ತು. ಎಷ್ಟು ಅಲುಗಿಸಿದರೂ ಆ ಕಪ್ಪು ಕದಲಲಿಲ್ಲ. ಒಳ್ಳೆಯ ಹರಳಿನಲ್ಲೂ ಕಪ್ಪು ಇರುತ್ತದೆ, ಇರಲೇಬೇಕು. ಆದರೆ ಅದು ಓಡಾಡುತ್ತಿರಬೇಕು. ಕೊನೆಗೆ ಹರಳನ್ನು ತಿರುಗಿಸಿ ಅಡಿಯನ್ನೂ ನೋಡಿದೆವು. ಗುಂಡು ಹರಳು ಕೆಳಗೆ ಚುಕ್ಕಿಯಲ್ಲಿ ಮುಗಿದರೆ, ಇದು ಒಂದು ಗೆರೆಯಲ್ಲಿ ಮುಗಿಯುತ್ತದೆ. ಆ ಗೆರೆ ನಡುಮಧ್ಯದಲ್ಲಿರಬೇಕು. ಅದು ಒಂಚೂರು ಪಕ್ಕಕ್ಕೆ ಸರಿದಿದ್ದರೂ ಮೇಲಿನಿಂದ ನೋಡುವಾಗ ಮೆಟ್ಟಿಲುಗಳು ಸೊಟ್ಟಗೆ ಕಾಣುತ್ತವೆ.

ಸ್ವಚ್ಛತೆಯ ವಿಷಯದಲ್ಲಿ ನಾನು ಕಲಿತದ್ದು ಒಂದೇ ದರ್ಜೆಯ ಎರಡು ಹರಳುಗಳಿಂದ. ಎರಡೂ ವಿಎಸ್2, ಅಂದರೆ ಒಳಗಿನ ದೋಷ ತೀರ ಸಣ್ಣದು. ಮೊದಲನೆಯದರಲ್ಲಿ ನಡುವಿನ ಅಗಲ ಮುಖದ ಕೆಳಗೇ ಒಂದು ಸಣ್ಣ ಕಪ್ಪು ಚುಕ್ಕಿ. ಲೂಪ್ (ಚಿಕ್ಕ ಭೂತಗನ್ನಡಿ) ಹಿಡಿದು ನೋಡಿದರೆ ಚುಕ್ಕಿ ಒಂದಲ್ಲ, ನಾಲ್ಕು! ಅಡಿಯ ಮುಖಗಳು ಕನ್ನಡಿಯ ಹಾಗೆ ಅದನ್ನೇ ಮತ್ತೆ ಮತ್ತೆ ತೋರಿಸುತ್ತಿದ್ದವು. ಇರುವುದು ಒಂದೇ ಎಂದು ಗೊತ್ತಾದ ಮೇಲೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಎರಡನೆಯದರ ದೋಷ ಬಿಳಿ ಕೂದಲೆಳೆಯ ಹಾಗಿತ್ತು, ಅಂಚಿನ ಹತ್ತಿರ. ಬರಿಗಣ್ಣಿಗೆ ಇಬ್ಬರಿಗೂ ಕಾಣಲಿಲ್ಲ. ಗುಂಡು ಹರಳಾಗಿದ್ದರೆ ಮೊದಲನೆಯದರ ಚುಕ್ಕಿಯೂ ಆ ಮಿಂಚಿನಲ್ಲಿ ಮುಚ್ಚಿಹೋಗುತ್ತಿತ್ತೋ ಏನೋ. ಎಮರಾಲ್ಡ್ ಕಟ್ ಏನನ್ನೂ ಮುಚ್ಚಿಡುವುದಿಲ್ಲ. ದರ್ಜೆಗಿಂತ ದೋಷ ಎಲ್ಲಿದೆ, ಯಾವ ಬಣ್ಣದ್ದು ಎಂಬುದು ಮುಖ್ಯ. ಕೆಲವು ರಿಪೋರ್ಟಿನಲ್ಲಿ ದೋಷಗಳ ನಕ್ಷೆ ಇರುತ್ತದೆ. ಇದ್ದರೆ ಮೊದಲು ಅದನ್ನೇ ನೋಡಿ.

ಬಣ್ಣವೂ ಇದರಲ್ಲಿ ಬೇಗ ಎದ್ದು ಕಾಣುತ್ತದೆ. ಜಿಐಎ ಅಳತೆ ಡಿಯಿಂದ ಝಡ್‌ವರೆಗೆ ಹೋಗುತ್ತದೆ, ಡಿ ಅಂದರೆ ಬಣ್ಣವೇ ಇಲ್ಲದ್ದು, ಝಡ್ ಕಡೆಗೆ ಹೋದಂತೆ ಹಳದಿ ಛಾಯೆ ಹೆಚ್ಚು. ಅವಳಿಗೆ ಹಳದಿ ಚಿನ್ನವೇ ಇಷ್ಟ. ಹಳದಿ ಚಿನ್ನದಲ್ಲಿ ಕೂರಿಸುವ ಹರಳಿಗೆ ಡಿ, ಇ ಎಂದು ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ. ನಾವು ಎಚ್‌ಗೆ ನಿಂತೆವು. ಪ್ಲಾಟಿನಂ ಆಗಿದ್ದರೆ ಇನ್ನೊಂದೆರಡು ಮೆಟ್ಟಿಲು ಮೇಲೆ ಹೋಗುತ್ತಿದ್ದೆವು.

ಲ್ಯಾಬಿನಲ್ಲಿ ಬೆಳೆಸಿದ ವಜ್ರದ ಬಗ್ಗೆ ಮನೆಯಲ್ಲಿ ಮಾತಾಯಿತು. ಅದೂ ನಿಜವಾದ ವಜ್ರವೇ, ಬೆಲೆ ತುಂಬ ಕಡಿಮೆ, ಅದೇ ದುಡ್ಡಿಗೆ ದೊಡ್ಡ ಹರಳು ಬರುತ್ತದೆ. ನನಗೆ ಆಸೆಯಾಗಿತ್ತು. ಅವಳು ಮಾತ್ರ ಅಜ್ಜಿಯ ಓಲೆಯನ್ನು ಕೈಯಲ್ಲಿ ಹಿಡಿದು ನೋಡಿದವಳು, "ಚಿಕ್ಕದೇ ಸಾಕು, ಗಣಿಯದ್ದೇ ಇರಲಿ" ಎಂದಳು. ಉಂಗುರ ಹಾಕಿಕೊಳ್ಳುವವಳು ಅವಳು. ಮಾತು ಅಲ್ಲಿಗೆ ಮುಗಿಯಿತು.

ಕೊನೆಗೆ ಸಿಕ್ಕ ಹರಳು 0.95 ಕ್ಯಾರೆಟ್. 1 ಕ್ಯಾರೆಟ್ ದಾಟಿದ ತಕ್ಷಣ ಬೆಲೆ ಒಮ್ಮೆಗೇ ಮೇಲೆ ಹಾರುತ್ತದೆ. ಐದು ಸೆಂಟಿನ (0.05 ಕ್ಯಾರೆಟ್) ವ್ಯತ್ಯಾಸ ಬೆರಳಿನ ಮೇಲೆ ಯಾರಿಗೂ ಕಾಣುವುದಿಲ್ಲ. ಉದ್ದ 6.8 ಮಿಲಿಮೀಟರ್, ಅಗಲ 4.9, ಆಳ 3.15. ಉದ್ದವನ್ನು ಅಗಲದಿಂದ ಭಾಗಿಸಿದರೆ ಸುಮಾರು 1.39. ಇದಕ್ಕೆ ಮೊದಲು 1.5 ಇರುವ ಉದ್ದನೆಯದನ್ನೂ 1.3ರ ಸುತ್ತಮುತ್ತಲಿನ ಗಿಡ್ಡದನ್ನೂ ಅವಳ ಬೆರಳಿನ ಮೇಲಿಟ್ಟು ನೋಡಿದ್ದೆವು. ಉದ್ದನೆಯದು ಅವಳ ಸಣ್ಣ ಬೆರಳಿಗೆ ಜಾಸ್ತಿಯಾಯಿತು. ಇದಕ್ಕೆ ನಿಯಮ ಇಲ್ಲ, ಬೆರಳಿನ ಮೇಲೆ ಇಟ್ಟೇ ನೋಡಬೇಕು.

ಇನ್ನು ಉಂಗುರ ಕಟ್ಟಿಸುವ ಕೆಲಸ. ಅವಳು ದಿನವಿಡೀ ಗ್ಲೌಸ್ ಹಾಕುವವಳು. ಹರಳು ಎತ್ತರಕ್ಕೆ ಕೂತರೆ ಗ್ಲೌಸ್ ಹರಿಯುತ್ತದೆ. ಕೆಲಸದ ಹೊತ್ತಿನಲ್ಲಿ ಉಂಗುರ ತೆಗೆದೇ ಇಡುತ್ತೇನೆ ಎಂದಳು, ಆದರೂ ತಗ್ಗಿಸಿಯೇ ಕೂರಿಸಿ ಎಂದು ಹೇಳಿದೆವು. 18 ಕ್ಯಾರೆಟ್ ಚಿನ್ನ, ನಾಲ್ಕು ಮೂಲೆಗೆ ನಾಲ್ಕು ಪ್ರಾಂಗ್ (ಕೊಕ್ಕೆ). 22 ಕ್ಯಾರೆಟ್‌ನಲ್ಲಿ ಯಾಕೆ ಬೇಡ ಎಂದು ಅಮ್ಮ ಕೇಳಿದರು. ಅದು ಮೆತ್ತಗಿನ ಚಿನ್ನ, ಹರಳು ಹಿಡಿಯುವ ಕೊಕ್ಕೆಗಳು ಬಾಗಿಬಿಡುತ್ತವೆ ಎಂದು ಅಂಗಡಿಯವರು ವಿವರಿಸಿದ ಮೇಲೆ ಒಪ್ಪಿಕೊಂಡರು. ಬೆರಳಿನ ಅಳತೆಯನ್ನು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ತೆಗೆಸಿದೆವು. ಸಂಜೆಗೆ ಬೆರಳು ಸ್ವಲ್ಪ ಊದಿರುತ್ತದೆ.

ಉಂಗುರ ಕೈಗೆ ಬಂದಾಗ ಏನೋ ಸರಿ ಇಲ್ಲ ಅನಿಸಿತು. ಮೊದಲು ಏನೆಂದು ಗೊತ್ತಾಗಲಿಲ್ಲ. ಮೇಜಿನ ಮೇಲಿಟ್ಟು ನೇರ ಮೇಲಿನಿಂದ ಫೋಟೋ ತೆಗೆದಾಗ ಕಂಡಿತು. ಹರಳು ಒಂಚೂರು ತಿರುಗಿ ಕೂತಿತ್ತು. ಗುಂಡು ಹರಳು ತಿರುಗಿದರೆ ಯಾರಿಗೂ ತಿಳಿಯುವುದಿಲ್ಲ. ನೇರ ಗೆರೆಗಳ ಹರಳು ಬೆರಳಿನ ಗೆರೆಗೆ ಸೊಟ್ಟಗಿದ್ದರೆ ಒಮ್ಮೆ ಕಂಡ ಮೇಲೆ ದಿನವೂ ಕಾಣುತ್ತದೆ. "ಇಷ್ಟೆಲ್ಲ ಯಾರು ನೋಡ್ತಾರೆ ಸರ್" ಎಂದರು ಅಂಗಡಿಯವರು. ನಾವು ನೋಡುತ್ತೇವೆ ಎಂದೆ. ಸಮಾಧಾನವಾಗಿಯೇ ಹೇಳಿದೆ, ಆದರೆ ಉಂಗುರ ತೆಗೆದುಕೊಳ್ಳದೆ ಬಂದೆ. ಐದು ದಿನ ಬಿಟ್ಟು ಸರಿ ಮಾಡಿ ಕೊಟ್ಟರು. ನಿಶ್ಚಿತಾರ್ಥಕ್ಕೆ ಎರಡು ವಾರವಾದರೂ ಮೊದಲೇ ಉಂಗುರ ಕೈಗೆ ಬರುವ ಹಾಗೆ ಆರ್ಡರ್ ಕೊಡಿ.

ದುಡ್ಡು ಕಟ್ಟುವ ಮುಂಚೆ ಮೂರು ವಿಷಯ ನೋಡಿಕೊಂಡೆ. ಹರಳಿನ ಅಂಚಿನಲ್ಲಿ ಲೇಸರ್‌ನಿಂದ ಕೊರೆದ ನಂಬರ್ ರಿಪೋರ್ಟಿನ ನಂಬರಿಗೆ ಹೊಂದುತ್ತದೆಯೇ ಎಂದು ಲೂಪ್‌ನಲ್ಲಿ ಓದಿದೆ. ಉಂಗುರದ ಒಳಗೆ ಸರ್ಕಾರಿ ಮಾನಕ ಸಂಸ್ಥೆ ಬಿಐಎಸ್ ಗುರುತು, ಚಿನ್ನದ ಶುದ್ಧತೆ ಹೇಳುವ 18ಕೆ750, ಈ ಒಡವೆಗಷ್ಟೇ ಸೇರಿದ ಆರು ಅಕ್ಷರ ಅಂಕಿಗಳ ಗುರುತು ಸಂಖ್ಯೆ ಎಚ್‌ಯುಐಡಿ ಇದ್ದವು. ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿದೆ. ಬಿಲ್ಲಿನಲ್ಲಿ ಹರಳಿನ ತೂಕ, ಚಿನ್ನದ ತೂಕ, ಮಜೂರಿ ಬೇರೆ ಬೇರೆ ಬರೆಸಿದೆ.

ಹಾಕಿಕೊಳ್ಳಲು ಶುರು ಮಾಡಿದ ಮೇಲೆ ಒಂದು ತಿಳಿಯಿತು. ಜಿಡ್ಡು ಕೂತರೆ ಈ ಹರಳಿನ ಚಂದ ಹೋಗುತ್ತದೆ. ಅಗಲ ಮುಖದ ಮೇಲೆ ಬೆರಳಚ್ಚು, ಅಡಿಯಲ್ಲಿ ಸೋಪಿನ ಪೊರೆ ಕೂತರೆ ಮೆಟ್ಟಿಲುಗಳು ಮಂಕಾಗುತ್ತವೆ. ಭಾನುವಾರ ಬೆಳಗ್ಗೆ ಅವಳು ಒಂದು ಬಟ್ಟಲಲ್ಲಿ ಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಂಗುರ ನೆನೆಸುತ್ತಾಳೆ. ಮಕ್ಕಳ ಮೆತ್ತನೆಯ ಬ್ರಷ್‌ನಿಂದ ಅಡಿಯ ಕಡೆಯಿಂದ ಉಜ್ಜುತ್ತಾಳೆ. ಸಿಂಕಿನ ಮೇಲೆ ಯಾವತ್ತೂ ತೊಳೆಯುವುದಿಲ್ಲ. ಒರೆಸಿದ ಮೇಲೆ ಕಿಟಕಿಯ ಹತ್ತಿರ ಹೋಗಿ ಒಮ್ಮೆ ಅಲುಗಿಸಿ ನೋಡುತ್ತಾಳೆ, ಆಮೇಲೆ ಬೆರಳಿಗೆ.