ಮನೆಯ ಎರಡು ಕಂಪ್ಯೂಟರ್‌ಗಳು ಸಾಕೆಟ್ ಮೂಲಕ ಮಾತಾಡಿದ್ದು ಹೀಗೆ

ಸಾಕೆಟ್ ಅಂದರೆ ಎರಡು ಪ್ರೋಗ್ರಾಂಗಳು ನೆಟ್‌ವರ್ಕ್ ಮೂಲಕ ಮಾತಾಡುವ ಕೊಂಡಿ. ನನ್ನ ಪೈಥಾನ್ ಸರ್ವರ್ (ಕರೆಗೆ ಕಾಯುವ ಪ್ರೋಗ್ರಾಂ), ಕ್ಲೈಂಟ್ (ಅದಕ್ಕೆ ಕರೆ ಮಾಡುವ ಪ್ರೋಗ್ರಾಂ) ಎರಡೂ ಒಂದೇ ಕಂಪ್ಯೂಟರ್‌ನಲ್ಲಿ ಚೆನ್ನಾಗಿ ನಡೆಯುತ್ತಿದ್ದವು. ಕ್ಲೈಂಟನ್ನು ಅದೇ ವೈಫೈನಲ್ಲಿರುವ ಲ್ಯಾಪ್‌ಟಾಪ್‌ನಿಂದ ಓಡಿಸಿದರೆ ಮಾತ್ರ ಟೈಮ್‌ಔಟ್, ಅಂದರೆ ಉತ್ತರವೇ ಬಾರದೆ ಸಮಯ ಮುಗಿಯುತ್ತಿತ್ತು.

ಸರ್ವರ್ ಇರುವ ವಿಂಡೋಸ್ ಕಂಪ್ಯೂಟರ್‌ನಲ್ಲಿ ನೆಟ್‌ಸ್ಟ್ಯಾಟ್ (ಯಾವ ವಿಳಾಸದಲ್ಲಿ ಕನೆಕ್ಷನ್‌ಗೆ ಕಾಯಲಾಗುತ್ತಿದೆ ಎಂದು ತೋರಿಸುವ ಕಮಾಂಡ್) ನೋಡಿದೆ. ಸರ್ವರ್ 127.0.0.1ರಲ್ಲಿ, ಅಂದರೆ ಕಂಪ್ಯೂಟರ್ ತನ್ನನ್ನೇ ಕರೆದುಕೊಳ್ಳುವ ವಿಳಾಸದಲ್ಲಿ ಮಾತ್ರ ಕಾಯುತ್ತಿತ್ತು. ಆ ವಿಳಾಸಕ್ಕೆ ಹೊರಗಿನ ಯಾವ ಕಂಪ್ಯೂಟರ್ ಕೂಡ ಬರಲಾಗದು, ಅಲ್ವಾ? ಸರ್ವರ್ ಯಾವ ವಿಳಾಸದಲ್ಲಿ ಕಾಯಬೇಕು ಎಂದು ಹೇಳುವ ಬೈಂಡ್‌ನಲ್ಲಿ 0.0.0.0 ಕೊಟ್ಟೆ. ಆಗ ಎಲ್ಲ ನೆಟ್‌ವರ್ಕ್ ಕಡೆಯಿಂದಲೂ ಕೇಳಿಸಿಕೊಳ್ಳುತ್ತದೆ. ಕ್ಲೈಂಟ್‌ನಲ್ಲಿ ಮಾತ್ರ ಸರ್ವರ್‌ನ ನಿಜವಾದ ಐಪಿ (ನೆಟ್‌ವರ್ಕ್ ವಿಳಾಸ) ಬೇಕು. ನನ್ನದು 192.168.1.7.

ಆದರೂ ಟೈಮ್‌ಔಟ್! ತಡೆದಿದ್ದು ಹೊರಗಿನ ಕನೆಕ್ಷನ್‌ಗಳನ್ನು ತಡೆಯುವ ವಿಂಡೋಸ್ ಫೈರ್‌ವಾಲ್. ಅದನ್ನು ಪೂರ್ತಿ ಆಫ್ ಮಾಡುವ ಸಲಹೆ ನನಗೆ ಇಷ್ಟವಿಲ್ಲ. ನನ್ನ ಸರ್ವರ್ ಕಾಯುವ ಟಿಸಿಪಿ ಪೋರ್ಟ್ (ಕನೆಕ್ಷನ್ ಬರುವ ಬಾಗಿಲಿನ ಸಂಖ್ಯೆ) 5000ಕ್ಕೆ ಒಳಬರಲು, ಪ್ರೈವೇಟ್ (ಮನೆಯಂಥ ನಂಬಿಕೆಯ) ನೆಟ್‌ವರ್ಕ್‌ಗೆ ಮಾತ್ರ ಅನುಮತಿ ಕೊಟ್ಟರೆ ಸಾಕು. ತಕ್ಷಣ ಕನೆಕ್ಟ್ ಆಯಿತು, ಬಹಳ ಖುಷಿಯಾಯಿತು.

ನಿಮಗೆ ಟೈಮ್‌ಔಟ್ ಬದಲು ತಕ್ಷಣ 'ಕನೆಕ್ಷನ್ ರಿಫ್ಯೂಸ್ಡ್' (ಕನೆಕ್ಷನ್ ನಿರಾಕರಿಸಲಾಗಿದೆ) ಎಂದು ಬಂದರೆ, ಮೊದಲು ಸರ್ವರ್ ಓಡುತ್ತಿದೆಯೇ, ಪೋರ್ಟ್ ಸರಿಯಿದೆಯೇ ನೋಡಿ.